ಪೆಟ್ಟಿಗೆಯನ್ನು ದೂರುವ ಮುನ್ನ

ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿ ನಿವೃತ್ತನಾದವನೊಬ್ಬನು ಮೋಟಾರು ಕಾರಿನ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜವೇ. ಇಡೀ ಕಾರನ್ನು ವಿವರಿಸುವ ಸಾಹಸವನ್ನು ನಾನು ಕೈಗೊಂಡಿಲ್ಲ. ಅದರೊಳಗೆ ಒಂದು ಪೆಟ್ಟಿಗೆಯಿದೆ. ಸುಮಾರಾಗಿ ಒಂದು ಪುಸ್ತಕದ ಗಾತ್ರ, ಅಲ್ಯುಮಿನಿಯಂ ಹೊದಿಕೆ, ಒಂದು ಬದಿಯಲ್ಲಿ ಹತ್ತಾರು ತಂತಿಗಳು ಬಂದು ಸೇರುವ ಬಾಯಿ. ಈ ಪೆಟ್ಟಿಗೆ ಕೆಟ್ಟಿದೆಯೆಂದು ಯಾರಾದರೂ ಹೇಳಿದರೆ ಅದು ನಿಜವೆಂದು ತಿಳಿಯುವುದು ಹೇಗೆ? ನಿಜವಾಗಿದ್ದರೆ ಅದನ್ನು ಸರಿಪಡಿಸುವುದು ಸಾಧ್ಯವೇ? ಈ ಎರಡು ಪ್ರಶ್ನೆಗಳಷ್ಟೇ ಇಂದಿನ ನನ್ನ ಮಾತಿಗೆ ವಸ್ತು. ಕಾರುಳ್ಳವರಿಗೆ ಇದು ಹಣದ ಪ್ರಶ್ನೆ. ಕಾರನ್ನೇ ನಂಬಿ ಬದುಕುವವರಿಗೆ ಅನ್ನದ ಪ್ರಶ್ನೆ.

ಗ್ಯಾರೇಜಿನವರು ಇದನ್ನು ಇ.ಸಿ.ಎಂ. ಎಂದೋ ಇ.ಸಿ.ಯು. ಎಂದೋ ಕರೆಯುತ್ತಾರೆ. ಜನರ ಬಾಯಲ್ಲಿ ಅದು 'ಕಾರಿನ ಬ್ರೈನು'. ಈ ಎರಡನೆಯ ಹೆಸರು ನನಗೆ ಅಷ್ಟಾಗಿ ಹಿಡಿಸದು. ರೂಪಕವೊಂದು ಒಮ್ಮೆ ನಾಲಗೆಗೆ ಹತ್ತಿತೆಂದರೆ ಅದು ನಮ್ಮ ಬದಲು ತಾನೇ ಯೋಚಿಸತೊಡಗುತ್ತದೆ. ಮಿದುಳು ಎಂದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಭಯಭಕ್ತಿ ಹುಟ್ಟುತ್ತದೆ. ಮಿದುಳಿಗೆ ಪೆಟ್ಟಾಯಿತೆಂದರೆ ಮುಂದೇನು ಕೇಳುವುದಿದೆ? ಬೇರೆಯದನ್ನು ತಂದು ಹಾಕಬೇಕು, ಹೇಳಿದಷ್ಟು ಹಣ ತೆರಬೇಕು, ಅಷ್ಟೆ. ವಾಸ್ತವವಾಗಿ ಆ ಪೆಟ್ಟಿಗೆಯೊಳಗಿರುವುದು ಒಂದು ಹಲಗೆ, ಅದರ ಮೇಲೆ ಬೆಸುಗೆ ಹಾಕಿ ಕೂಡಿಸಿದ ಬಿಡಿಭಾಗಗಳು. ಬೆಸುಗೆ ಬಿಟ್ಟರೆ ಮತ್ತೆ ಹಾಕಬಹುದು. ಭಾಗ ಸುಟ್ಟರೆ ಕೆಲವೊಮ್ಮೆ ಬದಲಿಸಬಹುದು. ಮನುಷ್ಯನ ಮಿದುಳಿಗೆ ಈ ಭಾಗ್ಯವಿಲ್ಲ.

ನನ್ನ ತಲೆಮಾರಿನವರು ಅಂಬಾಸಡರ್ ಮತ್ತು ಫಿಯೆಟ್ ಕಾರುಗಳ ಕಾಲದಲ್ಲಿ ಬೆಳೆದವರು. ಅಂದಿನ ಕಾರು ನಿಂತರೆ ಮೆಕ್ಯಾನಿಕ್ಕನು ಬಾನೆಟ್ಟನ್ನೆತ್ತಿ, ಪಾಯಿಂಟನ್ನು ಉಜ್ಜಿ, ಪ್ಲಗ್ಗನ್ನು ಒರೆಸಿ, ಕಾರ್ಬುರೇಟರಿನ ಜೆಟ್ಟನ್ನು ಬಾಯಿಂದ ಊದಿ ಮತ್ತೆ ಓಡಿಸುತ್ತಿದ್ದನು. ಆ ವಿದ್ಯೆ ಕಣ್ಣಿಗೂ ಕಿವಿಗೂ ಮೂಗಿಗೂ ಸೇರಿದ್ದು. ಹೊಸ ಪೆಟ್ಟಿಗೆ ಬಂದುದು ನಗರಗಳ ಹೊಗೆಯ ದೆಸೆಯಿಂದ. ಅಮೆರಿಕದಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲದಲ್ಲಿ, 1967ರಲ್ಲಿ, ಜರ್ಮನಿಯ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನ ವ್ಯವಸ್ಥೆಯುಳ್ಳ ಫೋಕ್ಸ್‌ವ್ಯಾಗನ್ 1600 ಕಾರು ಆ ದೇಶದ ಮಾರುಕಟ್ಟೆಗಾಗಿ ಸಿದ್ಧವಾಯಿತು. 1979ರಲ್ಲಿ ಅದೇ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆ ಬಿ.ಎಂ.ಡಬ್ಲ್ಯು. 732ಐ ಕಾರಿನಲ್ಲಿ ಕಾಣಿಸಿಕೊಂಡಿತು. ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಪೆಟ್ಟಿಗೆ ಆಳತೊಡಗಿತು. ಬೆಂಗಳೂರಿನ ಆಡುಗೋಡಿಯಲ್ಲಿ ನಾವು 'ಮೈಕೋ' ಎಂದು ಕರೆಯುತ್ತಿದ್ದ ಕಾರ್ಖಾನೆಯೂ ಈ ಬಾಷ್ ಬಳಗದ್ದೇ. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು. ನಮ್ಮ ದೇಶದಲ್ಲಿ 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಿನ ಕಾರುಗಳ ಹೊಗೆಯ ಬಗೆಗೆ ಕಟ್ಟುನಿಟ್ಟಾದ ಆಜ್ಞೆ ಹೊರಡಿಸಿತು. 2000ದ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಹೊಸ ನಿಯಮ ಬಂದಿತು. ಅಲ್ಲಿಂದ ಮುಂದೆ ಕಾರ್ಬುರೇಟರು ಹಂತಹಂತವಾಗಿ ಮರೆಗೆ ಸರಿಯಿತು. ಅದರ ಸ್ಥಾನದಲ್ಲಿ ಪೆಟ್ಟಿಗೆ ಕುಳಿತಿತು.

ಈ ಪೆಟ್ಟಿಗೆಯ ಕೆಲಸವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಇಂಜಿನ್ನಿನ ಮೈಮೇಲೆ ಅಲ್ಲಲ್ಲಿ ಸೆನ್ಸರುಗಳೆಂಬ ಸಂವೇದಕಗಳಿವೆ. ಕ್ರ್ಯಾಂಕು ಎಷ್ಟು ವೇಗವಾಗಿ ತಿರುಗುತ್ತಿದೆ, ನೀರು ಎಷ್ಟು ಕಾದಿದೆ, ಒಳಗೆ ಎಷ್ಟು ಗಾಳಿ ಹೋಗುತ್ತಿದೆ, ಹೊರಬೀಳುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬ ವರ್ತಮಾನವನ್ನು ಅವು ಕ್ಷಣಕ್ಷಣಕ್ಕೂ ಕಳುಹಿಸುತ್ತಿರುತ್ತವೆ. ಪೆಟ್ಟಿಗೆ ಅದನ್ನು ಓದಿ, ಯಾವ ಸಿಲಿಂಡರಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಕಿಡಿ ಎಂಬುದನ್ನು ನಿರ್ಧರಿಸುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದು ಸೆಕೆಂಡಿಗೆ 100 ಕಿಡಿ ಬೇಕು. ಅಂದರೆ ಸೆಕೆಂಡಿಗೆ 100 ತೀರ್ಮಾನಗಳು. ಕಾರಿನ ಬ್ಯಾಟರಿ 12 ವೋಲ್ಟಿನದು. ಪೆಟ್ಟಿಗೆ ತನ್ನೊಳಗೆ ಅದನ್ನು 5 ವೋಲ್ಟಿಗೆ ಇಳಿಸಿಕೊಂಡು ತನ್ನ ಉಪಯೋಗಕ್ಕೂ ಹಲವು ಸೆನ್ಸರುಗಳ ಉಪಯೋಗಕ್ಕೂ ಹಂಚುತ್ತದೆ. ಕೇಳುವವರು ಈ 5 ವೋಲ್ಟನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಅದನ್ನೇ ಹಿಡಿದು ನಡೆಯುತ್ತದೆ.

ಏನಾದರೂ ಅಸಂಗತವಾದುದು ಕಂಡರೆ ಪೆಟ್ಟಿಗೆ ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದಿನ ಫಲಕದಲ್ಲಿ ದೀಪ ಹೊತ್ತಿಸುತ್ತದೆ. ಈ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 1988ರ ಮಾದರಿಯ ಕಾರುಗಳಿಂದ ಕಡ್ಡಾಯಮಾಡಿತು. 1996ರಿಂದ ಅಮೆರಿಕದಲ್ಲೆಲ್ಲ ಒಂದೇ ಬಗೆಯ 16 ಪಿನ್ನುಗಳ ಸಾಕೆಟ್ಟೂ ಒಂದೇ ಬಗೆಯ ಸಂಖ್ಯೆಗಳೂ ಬಂದವು. ಭಾರತದಲ್ಲಿ ಭಾರತ್ ಸ್ಟೇಜ್ 4ರ ನಿಯಮಗಳೊಡನೆ 2010ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ಸ್ಟಿಯರಿಂಗಿನ ಕೆಳಗಿರುವ ಆ ಸಾಕೆಟ್ಟಿಗೆ ಸ್ಕ್ಯಾನರು ಚುಚ್ಚಿದರೆ ಬರೆದಿಟ್ಟ ಸಂಖ್ಯೆ ತೆರೆಯ ಮೇಲೆ ಮೂಡುತ್ತದೆ. ಇಲ್ಲಿಯೇ ಅಪಾರ್ಥಕ್ಕೆ ಅವಕಾಶ. ಉದಾಹರಣೆಗೆ ಪಿ 0171 ಎಂಬ ಸಂಖ್ಯೆ, ಗಾಳಿಗೆ ತಕ್ಕಷ್ಟು ಇಂಧನವಿಲ್ಲವೆಂದು ಹೇಳುತ್ತದೆ. ಗಾಳಿಯ ಕೊಳವೆ ಬಿರುಕುಬಿಟ್ಟಿದ್ದೀತು, ಪೆಟ್ರೋಲು ಪಂಪು ಸೋತಿದ್ದೀತು, ಇಂಜೆಕ್ಟರು ಕಟ್ಟಿಕೊಂಡಿದ್ದೀತು, ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿದ್ದೀತು. ಸಂಖ್ಯೆ ತಿಳಿಸುವುದು ಲಕ್ಷಣವನ್ನು. ಕಾರಣವನ್ನು ಮನುಷ್ಯನೇ ಹುಡುಕಬೇಕು. ಯು 0100 ಎಂಬ ಇನ್ನೊಂದು ಸಂಖ್ಯೆಯಿದೆ. ಇಂಜಿನ್ನಿನ ಪೆಟ್ಟಿಗೆ ಮಾತಿಗೆ ಸಿಕ್ಕುತ್ತಿಲ್ಲವೆಂದು ಕಾರಿನ ಇತರ ಪೆಟ್ಟಿಗೆಗಳು ಬರೆದಿಡುವ ದೂರು ಇದು. ಮನೆಯ ಬಾಗಿಲು ಬಡಿದರೆ ಯಾರೂ ಓಗೊಡಲಿಲ್ಲವೆಂದು ಒಳಗಿನವರು ಸತ್ತಿದ್ದಾರೆಂದು ಹೇಳಲಾದೀತೇ? ಈ ಸಂಖ್ಯೆ ಕಂಡೊಡನೆ ಹೊಸ ಪೆಟ್ಟಿಗೆಗೆ ಬೆಲೆಪಟ್ಟಿ ಬರೆಯುವವರು ಮಾತ್ರ ಉಂಟು.

ಶಿವಮೊಗ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರುಗಳ ವಿದ್ಯುನ್ಮಾನ ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಬಿ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠವನ್ನು ಆಸಕ್ತಿಯಿಂದ ಕೇಳುತ್ತಿದ್ದ ಹುಡುಗ. ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಅವನ ಕೆಲಸವನ್ನು ನೋಡುವುದು ನನಗೆ ಈಗ ಒಂದು ಅಭ್ಯಾಸವೇ ಆಗಿದೆ. ಒಂದು ದಿನ ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಸಾರ್, ಕೋಡ್ ಅನ್ನೋದು ತೀರ್ಪಲ್ಲ, ದೂರು. ದೂರು ಕೊಟ್ಟೋನನ್ನೇ ಹಿಡಿದು ಜೈಲಿಗೆ ಹಾಕಿದರೆ ಹೇಗೆ?" ಮಳೆಗಾಲದಲ್ಲಿ ತನ್ನಲ್ಲಿಗೆ ಬಂದ ಒಂದು ಕಾರಿನ ಕಥೆಯನ್ನು ಆಗಲೇ ಹೇಳಿದ. ಮಲೆನಾಡಿನ ಇಲಿಗಳಿಗೆ ಬೆಚ್ಚಗಿರುವ ಇಂಜಿನ್ನಿನ ಮೇಲೆ ಬಲು ಪ್ರೀತಿ. ಕಾರು ಸ್ಟಾರ್ಟಾಗುತ್ತಿರಲಿಲ್ಲ, ಸ್ಕ್ಯಾನರಿನಲ್ಲಿ ನಾಲ್ಕೈದು ಸೆನ್ಸರುಗಳ ಮೇಲೆ ಒಟ್ಟಿಗೇ ದೂರು. ಅಷ್ಟೊಂದು ಸೆನ್ಸರುಗಳು ಒಂದೇ ರಾತ್ರಿಯಲ್ಲಿ ಹಾಳಾಗಲಾರವು, ಆದ್ದರಿಂದ ಪೆಟ್ಟಿಗೆಯೇ ಹೋಗಿದೆ ಎಂದು ಬೇರೊಂದು ಕಡೆ ತೀರ್ಮಾನವಾಗಿತ್ತು. ತರ್ಕದ ಮೊದಲರ್ಧ ಸರಿ. ಇವನು 5 ವೋಲ್ಟನ್ನು ಅಳೆದ; ಇರಲಿಲ್ಲ. ಸೆನ್ಸರುಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದ. ಮೂರನೆಯದನ್ನು ಬಿಚ್ಚಿದೊಡನೆ 5 ವೋಲ್ಟು ಮರಳಿ ಬಂದಿತು. ಇಲಿ ಕಡಿದ ತಂತಿಯೊಂದು ಇಂಜಿನ್ನಿನ ಮೈಗೆ ತಾಗಿ, ಎಲ್ಲರ ಪಾಲಿನ 5 ವೋಲ್ಟನ್ನೂ ನೆಲಕ್ಕೆ ಚೆಲ್ಲುತ್ತಿತ್ತು. ಒಂದು ಗೇಣು ತಂತಿ, ಸ್ವಲ್ಪ ಬೆಸುಗೆ, ಮೇಲೊಂದು ಟೇಪು. ಪೆಟ್ಟಿಗೆ ನಿರಪರಾಧಿ.

ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಇದರ ನೀತಿ ಹೊಸದೇನಲ್ಲ. ಓಲೆಗರಿಯ ಪಾಠವೊಂದು ನಮಗೆ ಅರ್ಥವಾಗದಿದ್ದರೆ ಕವಿ ತಪ್ಪಿದ್ದಾನೆಂದು ತಿದ್ದಿಬಿಡುವುದು ಸುಲಭ. ಲಿಪಿಕಾರನ ಕೈ, ಗರಿಯ ಹುಳುಕು, ಪ್ರತಿಗಳ ಸಂಬಂಧ, ನಮ್ಮದೇ ನಿಘಂಟಿನ ಬಡತನ ಇವನ್ನೆಲ್ಲ ಶೋಧಿಸಿದ ಮೇಲೆಯೇ ಮೂಲದ ಮೇಲೆ ಕೈಯಿಡಬೇಕೆಂದು ನಮ್ಮ ಹಿರಿಯರು ಕಲಿಸಿದರು. ತಿಳಿಯದಿರುವುದೇ ಕೆಟ್ಟಿರುವುದಕ್ಕೆ ಸಾಕ್ಷಿಯಾಗದು.

ಆದರೆ ಪೆಟ್ಟಿಗೆ ಎಂದೂ ಕೆಡದೆಂದು ಯಾರೂ ಭಾವಿಸಬಾರದು. ಕೆಡುತ್ತದೆ. ಜಗತ್ತಿನ ಅತ್ಯಂತ ಎಚ್ಚರದ ಕಾರ್ಖಾನೆಗಳ ಪೆಟ್ಟಿಗೆಗಳೂ ಕೆಟ್ಟಿವೆ. 2010ರ ಆಗಸ್ಟಿನಲ್ಲಿ ಟೊಯೋಟ ಸಂಸ್ಥೆ ಅಮೆರಿಕ ಮತ್ತು ಕೆನಡಾಗಳಲ್ಲಿ 11 ಲಕ್ಷಕ್ಕೂ ಹೆಚ್ಚು ಕೊರೊಲ್ಲಾ ಮತ್ತು ಮ್ಯಾಟ್ರಿಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಪೆಟ್ಟಿಗೆಯೊಳಗಿನ ಬೆಸುಗೆಯಲ್ಲಿಯೋ ಒಂದು ಬಿಡಿಭಾಗದಲ್ಲಿಯೋ ಬಿರುಕುಂಟಾಗಿ ಇಂಜಿನ್ನು ಓಡುತ್ತಿರುವಾಗಲೇ ನಿಲ್ಲಬಹುದೆಂಬುದು ಕಾರಣ. ಹೀಗಿರುವಾಗ ಜಾಣತನವಿರುವುದು ನಿರಪರಾಧಿ ಪೆಟ್ಟಿಗೆಯನ್ನೂ ಅಪರಾಧಿ ಪೆಟ್ಟಿಗೆಯನ್ನೂ ಬೇರ್ಪಡಿಸುವುದರಲ್ಲಿ. ಅಂಥದೊಂದು ಪರೀಕ್ಷೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ.

ನಮ್ಮ ಬೀದಿಯ ತರುಣನೊಬ್ಬನು ಟ್ಯಾಕ್ಸಿ ಓಡಿಸುತ್ತಾನೆ. ಹತ್ತು ವರ್ಷ ಹಳೆಯ ಪೆಟ್ರೋಲು ಕಾರು. ಬ್ಯಾಂಕಿನ ಸಾಲದ ಕಂತು ಪ್ರತಿ ತಿಂಗಳ 5ನೆಯ ತಾರೀಖಿಗೆ ಕಟ್ಟಬೇಕು. ಜೋಗ, ಸಿಗಂದೂರು, ಆಗುಂಬೆ ಇವೇ ಅವನ ದಾರಿಗಳು. ಬೇಸಗೆಯಲ್ಲಿ ಒಂದು ದಿನ ಸೋಮೇಶ್ವರದಿಂದ ಆಗುಂಬೆಯ ಘಾಟಿ ಹತ್ತುವಾಗ ತಿರುವಿನಲ್ಲಿ ಇಂಜಿನ್ನು ತಟಕ್ಕನೆ ನಿಂತುಹೋಯಿತು. ಕಾರಿನಲ್ಲಿ ಒಬ್ಬ ಮುದುಕಿ, ಒಂದು ಎಳೆ ಕೂಸು. ಕೈಬ್ರೇಕು ಎಳೆದು, ಚಕ್ರದ ಹಿಂದೆ ಕಲ್ಲು ಕೊಟ್ಟು, ಹಿಂದಿನಿಂದ ಬರುವ ಬಸ್ಸುಗಳಿಗೆ ಟವೆಲು ಬೀಸುತ್ತ ನಿಂತಿದ್ದನಂತೆ. ಅರ್ಧ ಗಂಟೆಯಾದ ಮೇಲೆ ಕಾರು ಏನೂ ಆಗದಂತೆ ಹೊರಟಿತು. ಎರಡು ವಾರಗಳಲ್ಲಿ ಹೀಗೆ ಮೂರು ಸಲ. ಅವನು ಕೊಂಡೊಯ್ದ ವರ್ಕ್‌ಶಾಪಿನಲ್ಲಿ ಸ್ಕ್ಯಾನರು ಯು 0100 ತೋರಿಸಿತು. ಪೆಟ್ಟಿಗೆ ಬದಲಿಸಬೇಕು, ಸುಮಾರು 40,000 ರೂಪಾಯಿ ಎಂದರು. ಸರಿಹೋಗುವ ಭರವಸೆ ಇದೆಯೇ ಎಂದು ಕೇಳಿದ್ದಕ್ಕೆ "ಹಾಕಿ ನೋಡೋಣ" ಎಂಬ ಉತ್ತರ ಬಂದಿತು. "ಮೇಷ್ಟ್ರೇ, ನೋಡೋದಕ್ಕೆ ನಲವತ್ತು ಸಾವಿರ ನಾನು ಎಲ್ಲಿಂದ ತರಲಿ?" ಎಂದು ನಮ್ಮ ಜಗಲಿಯ ಮೇಲೆ ಕುಳಿತುಬಿಟ್ಟ. ನಾನು ಅವನನ್ನು ನನ್ನ ವಿದ್ಯಾರ್ಥಿಯ ಬಳಿಗೆ ಕರೆದುಕೊಂಡು ಹೋದೆ.

ಅವನು ಮೊದಲು ಸ್ಕ್ಯಾನರನ್ನು ಮುಟ್ಟಲಿಲ್ಲ; ಚಾಲಕನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ. ನಿಂತದ್ದು ಯಾವ ಹೊತ್ತಿನಲ್ಲಿ, ಎಷ್ಟು ದೂರ ಓಡಿದ ಮೇಲೆ, ಮಳೆಯಿತ್ತೇ ಬಿಸಿಲಿತ್ತೇ, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು? ಮೂರು ಸಲವೂ ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಟಿದೆಯೆಂಬುದು ಖಚಿತವಾಯಿತು. ಈ ಕಾರಿನಲ್ಲಿ ಪೆಟ್ಟಿಗೆ ಇರುವುದು ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ, ಇಂಜಿನ್ನಿನ ಶಾಖ ತಗಲುವಲ್ಲಿ. "ಸಾರ್, ಆರೋಗ್ಯವಾಗಿರೋವಾಗ ರೋಗ ಅಳೆಯೋಕಾಗಲ್ಲ. ಮೊದಲು ಇದಕ್ಕೆ ಜ್ವರ ಬರಿಸಬೇಕು" ಎಂದು, ಇಂಜಿನ್ನನ್ನು ನಿಂತಲ್ಲೇ ಓಡಿಸಿಟ್ಟು, ಬಿಸಿಗಾಳಿ ಊದುವ ಗನ್ನನ್ನು ಎಚ್ಚರಿಕೆಯಿಂದ ಪೆಟ್ಟಿಗೆಯ ಕಡೆಗೆ ಹಿಡಿದ. ಕೆಲವು ನಿಮಿಷಗಳಲ್ಲಿ ಇಂಜಿನ್ನು ನಿಂತಿತು. ಸ್ಕ್ಯಾನರಿಗೂ ಪೆಟ್ಟಿಗೆ ಓಗೊಡಲಿಲ್ಲ. ಕಾಯಿಲೆ ಈಗ ಕಣ್ಣೆದುರಿಗಿತ್ತು.

ಇನ್ನು ಪರೀಕ್ಷೆ. ಬ್ಯಾಟರಿಯಲ್ಲಿ 12.5 ವೋಲ್ಟು, ಸರಿ. ಪೆಟ್ಟಿಗೆಗೆ ಬರುವ ಮುಖ್ಯ ವಿದ್ಯುತ್ತು ಮಾತ್ರ ಇರಲಿಲ್ಲ. ಅವಸರದವನಾಗಿದ್ದರೆ ಇಲ್ಲಿಯೇ "ಸಿಕ್ಕಿತು, ರಿಲೇ ಹೋಗಿದೆ" ಎನ್ನುತ್ತಿದ್ದ. ಇವನು ಒಂದು ಕ್ಷಣ ತಡೆದ. ಅನೇಕ ಕಾರುಗಳಲ್ಲಿ ಆ ಮುಖ್ಯ ರಿಲೇಯನ್ನು ಎಳೆದು ಹಿಡಿಯುವುದು ಪೆಟ್ಟಿಗೆಯೇ. ಪೆಟ್ಟಿಗೆ ನಿದ್ದೆಹೋದರೆ ರಿಲೇ ಕೈಬಿಡುತ್ತದೆ. ಹಾಗಾದರೆ ವಿದ್ಯುತ್ತಿಲ್ಲದಿರುವುದು ಕಾರಣವೋ ಪರಿಣಾಮವೋ? ರಿಲೇಯನ್ನು ಕಿತ್ತು, ಅದರ ಜಾಗಕ್ಕೆ ಫ್ಯೂಸುಳ್ಳ ತಂತಿಯೊಂದನ್ನು ಜೋಡಿಸಿದ. ವಿದ್ಯುತ್ತು ಬಂದಿತು, ಪೆಟ್ಟಿಗೆ ಏಳಲಿಲ್ಲ. ಪರಿಣಾಮವನ್ನು ಕಾರಣವೆಂದು ತಿಳಿಯುವ ಅಪಾಯ ಹೀಗೆ ತಪ್ಪಿತು. ಬಂದ ವಿದ್ಯುತ್ತಿಗೆ ಬಲವಿದೆಯೇ ಎಂದು ನೋಡಲು ಮೀಟರು ಸಾಲದು. ಒಂದೇ ಎಳೆ ಉಳಿದ ತಂತಿಯಲ್ಲಿಯೂ ಮೀಟರು 12 ವೋಲ್ಟು ತೋರಿಸಬಲ್ಲದು. ಆದ್ದರಿಂದ ಬಲ್ಬೊಂದನ್ನು ಹೊತ್ತಿಸಿ ನೋಡಿದ, ಪ್ರಕಾಶವಾಗಿ ಉರಿಯಿತು.

ಅನಂತರ ಅರ್ತು, ಎಂದರೆ ವಿದ್ಯುತ್ತು ಹಿಂದಿರುಗುವ ದಾರಿ. ಅರ್ತು ಸರಿಯಿಲ್ಲದಿದ್ದರೆ ಪೆಟ್ಟಿಗೆಯ ಮಾತಿಗೆ ಅರ್ಥವೇ ಇರದೆಂದು ನಾನು ನಗೆಯಾಡಿದೆ. ಅವನು ಗಂಭೀರವಾಗಿ ಒಪ್ಪಿಕೊಂಡ. ಆ ದಾರಿಯಲ್ಲಿ 0.1 ವೋಲ್ಟಿಗಿಂತ ಹೆಚ್ಚು ನಷ್ಟವಾಗಬಾರದೆಂದು ಲೆಕ್ಕ; ಇಲ್ಲಿ 0.03 ಇತ್ತು. ಕಾರಿನ ಪೆಟ್ಟಿಗೆಗಳು ತಮ್ಮೊಳಗೆ ಮಾತನಾಡುವ ಎರಡು ತಂತಿಗಳ ಜಾಲವನ್ನು ಬ್ಯಾಟರಿ ಕಳಚಿ ಅಳೆದ. ಎರಡು ತುದಿಗಳಲ್ಲಿ 120 ಓಮಿನ ಎರಡು ರೋಧಕಗಳಿರುವುದರಿಂದ ಒಟ್ಟು 60 ಓಮು ಬರಬೇಕು, ಬಂದಿತು. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಪೆಟ್ಟಿಗೆಯ ಬಿಸಿ ಆರದಂತೆ ನೋಡಿಕೊಂಡು, ಕೊನೆಗೆ ಆ 5 ವೋಲ್ಟನ್ನು ಅಳೆದ. ಅರ್ಧ ವೋಲ್ಟೂ ಇರಲಿಲ್ಲ. ಇಲಿ ಕಡಿದ ಕಾರಿನಲ್ಲಿ ಮಾಡಿದಂತೆ ಸೆನ್ಸರುಗಳನ್ನೆಲ್ಲ ಕಳಚಿದ, ಬರಲಿಲ್ಲ. ಸೆನ್ಸರಿನಿಂದ ಪೆಟ್ಟಿಗೆಯವರೆಗಿನ ತಂತಿಯೇ ಎಲ್ಲಿಯಾದರೂ ತಾಗುತ್ತಿದ್ದೀತೆಂದು, ಕನೆಕ್ಟರಿನಿಂದ ಆ ಒಂದು ಪಿನ್ನನ್ನು ಹೊರಗೆಳೆದು ಪೆಟ್ಟಿಗೆಯ ಬಾಯಿಯಲ್ಲಿಯೇ ಅಳೆದ, ಅಲ್ಲಿಯೂ ಇಲ್ಲ. ಒಳಕ್ಕೆ ಹೋಗಬೇಕಾದುದೆಲ್ಲ ಹೋಗುತ್ತಿದೆ. ಹೊರಕ್ಕೆ ಬರಬೇಕಾದುದು ಬರುತ್ತಿಲ್ಲ. ಹೊರಗಿನ ಯಾರೂ ಅದನ್ನು ಕಸಿಯುತ್ತಿಲ್ಲ. ತಣ್ಣಗಾದೊಡನೆ 5 ವೋಲ್ಟು ತಾನಾಗಿ ಮರಳಿತು. "ಈಗ ಹೇಳಬಹುದು ಸಾರ್, ದೋಷ ಪೆಟ್ಟಿಗೆಯೊಳಗೇ ಇದೆ" ಎಂದ. ವರ್ಕ್‌ಶಾಪಿನವರೂ ಪೆಟ್ಟಿಗೆಯನ್ನೇ ದೂರಿದ್ದರಲ್ಲ, ವ್ಯತ್ಯಾಸವೇನು ಎಂದು ಕೇಳಬಹುದು. ಅವರದು ಊಹೆಯಾಗಿತ್ತು, ಇವನದು ಪ್ರಮಾಣಸಿದ್ಧವಾದ ಮಾತು. ಎರಡೂ ಒಂದೇ ವಾಕ್ಯವಾಗಿರಬಹುದು, ಒಂದೇ ಜ್ಞಾನವಲ್ಲ. ದೋಷ 5 ವೋಲ್ಟಿನ ದಾರಿಯಲ್ಲಿಯೇ ಇದೆಯೆಂದು ತಿಳಿದದ್ದರಿಂದ ಪೆಟ್ಟಿಗೆಯನ್ನು ಬಿಸಾಡದೆ, ತೆರೆದು ಎಲ್ಲಿ ನೋಡಬೇಕೆಂಬುದೂ ಅವನಿಗೆ ತಿಳಿಯಿತು.

ಮಾರನೆಯ ಮಧ್ಯಾಹ್ನ ರಿಪೇರಿ ನಡೆಯಿತು. ಮುಚ್ಚಳವನ್ನು ಸಿಲಿಕೋನ್ ಅಂಟಿನಿಂದ ಬಿಗಿದಿತ್ತು. ಬೆಚ್ಚಗೆ ಮಾಡಿ, ತೆಳುವಾದ ಅಲಗಿನಿಂದ ಸುತ್ತಲೂ ಬಿಡಿಸಿದ. ಮೈಯ ಸ್ಥಿರವಿದ್ಯುತ್ತು ತಾಗಿ ಒಳಗಿನ ಭಾಗಗಳು ಕೆಡದಿರಲೆಂದು ಮಣಿಕಟ್ಟಿಗೆ ಅರ್ತಿನ ಪಟ್ಟಿ ಕಟ್ಟಿಕೊಂಡಿದ್ದ. ಬೆಸುಗೆಯ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಪೆಟ್ಟಿಗೆಯ ಸ್ಮೃತಿಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಪ್ರತಿ ಮಾಡಿಟ್ಟುಕೊಂಡ. ಕಾರಿನ ಕೀಲಿಯನ್ನು ಗುರುತಿಸುವ ಗುಟ್ಟಿನ ಸಂಖ್ಯೆಯೂ ಅದರಲ್ಲಿರುತ್ತದೆ. ಅದು ಅಳಿಸಿಹೋದರೆ ಸರಿಯಾದ ಕೀಲಿಯಿದ್ದರೂ ಕಾರು ಹೊರಡದು. ಮೂಲವನ್ನು ಮುಟ್ಟುವ ಮೊದಲು ಪ್ರತಿ ಮಾಡಿಕೊಳ್ಳಬೇಕೆಂಬ ಪಾಠ ಅವನಿಗೆ ನೆನಪಿತ್ತೆಂದು ಕಾಣುತ್ತದೆ.

ಭೂತಗನ್ನಡಿಯ ಕೆಳಗೆ, ಓರೆಯಾಗಿ ಹಿಡಿದ ಬೆಳಕಿನಲ್ಲಿ, ವೋಲ್ಟನ್ನು ಇಳಿಸುವ ಭಾಗದ ಕಾಲೊಂದರ ಸುತ್ತ ಕೂದಲೆಳೆಯಂತಹ ಬಿರುಕು ಕಾಣಿಸಿತು, ಉಂಗುರದಂತೆ ದುಂಡಗೆ. ನನಗೂ ತೋರಿಸಿದ. ಲೋಹದ ಕಾಲು, ಬೆಸುಗೆ, ಹಲಗೆ ಇವು ಮೂರೂ ಕಾದಾಗ ಹಿಗ್ಗುವ ಪ್ರಮಾಣ ಬೇರೆಬೇರೆ. ಹತ್ತು ವರ್ಷಗಳ ಕಾಲ ಪ್ರತಿದಿನವೂ ಕಾದು ಆರಿ, ಕಾದು ಆರಿ, ಬೆಸುಗೆ ಬಳಲಿತ್ತು. ತಣ್ಣಗಿದ್ದಾಗ ತುಟಿ ಕೂಡಿರುತ್ತಿತ್ತು, ಬಿಸಿಯಾದಾಗ ಬಿಡುತ್ತಿತ್ತು. ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಶುದ್ಧಮಾಡಿ, ಹೊಸದಾಗಿ ಬೆಸೆದ. ಪಕ್ಕದಲ್ಲಿದ್ದ ಕೆಪ್ಯಾಸಿಟರೊಂದು ಶಾಖಕ್ಕೆ ಹಳತಾಗಿತ್ತು. ಅದನ್ನು ಅಷ್ಟಕ್ಕೇ ಬದಲಿಸದೆ, ಮೊದಲು ಬೆಸುಗೆಯನ್ನಷ್ಟೇ ಸರಿಮಾಡಿ, ಮತ್ತೆ ಬಿಸಿಗಾಳಿ ಹಿಡಿದು ಒಂದು ಗಂಟೆ ಇಂಜಿನ್ನು ಓಡಿಸಿ ನೋಡಿದ. ನಿಲ್ಲಲಿಲ್ಲ. ದೋಷಕ್ಕೆ ಕಾರಣ ಬಿರುಕೇ ಎಂದು ಸಿದ್ಧಪಟ್ಟ ಮೇಲೆ, 105 ಡಿಗ್ರಿ ಶಾಖ ತಾಳುವ ಹೊಸ ಕೆಪ್ಯಾಸಿಟರನ್ನು ಮುಂದಿನ ಕ್ಷೇಮಕ್ಕೆಂದು ಹಾಕಿದ. ಎರಡನ್ನೂ ಒಟ್ಟಿಗೇ ಮಾಡಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತಿರಲಿಲ್ಲವೆಂಬುದು ಅವನ ಸಮಾಧಾನ. ನೀರು ನುಗ್ಗದಂತೆ ಮುಚ್ಚಳವನ್ನು ಮತ್ತೆ ಅಂಟಿಸಿ ಒಂದು ರಾತ್ರಿ ಆರಲು ಬಿಟ್ಟ. ಬಳಿಕ ಚಾಲಕನೊಬ್ಬನೇ ಖಾಲಿ ಕಾರಿನಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕಿಳಿದು ನಡುಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಸಲ ಘಾಟಿ ಹತ್ತಿ ಬಂದ. ಖರ್ಚು 3,500 ರೂಪಾಯಿ. ಆ ತಿಂಗಳ ಕಂತು 5ನೆಯ ತಾರೀಖಿಗೇ ಬ್ಯಾಂಕು ಸೇರಿತು.

ಇದನ್ನು ಕೇಳಿ ಎಲ್ಲ ಪೆಟ್ಟಿಗೆಗಳೂ ಅಗ್ಗದಲ್ಲಿ ಬದುಕಿಬಿಡುತ್ತವೆಂದು ತಿಳಿಯಬಾರದು. ನೀರು ನುಗ್ಗಿ ಹಲಗೆಯ ಒಳಪದರಗಳು ತುಕ್ಕುಹಿಡಿದಿದ್ದರೆ, ಮುಖ್ಯ ಸಂಸ್ಕಾರಕವೇ ಸುಟ್ಟಿದ್ದರೆ ಬದಲಿಸುವುದೇ ವಿವೇಕ. ಹಳೆಯ ಪೆಟ್ಟಿಗೆ ಯಾವುದರಿಂದ ಸುಟ್ಟಿತೆಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹೊರಗಿನ ಇಗ್ನಿಷನ್ ಕಾಯಿಲೊಂದು ಒಳಗೇ ಶಾರ್ಟಾಗಿ ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರನ್ನು ಸುಡುವುದುಂಟು. ಇನ್ನೊಂದು ಕಾರಿನಿಂದ ಕಿತ್ತುತಂದ ಪೆಟ್ಟಿಗೆ ಕೀಲಿಯ ಗುರುತು ಹೊಂದದೆ ಕೆಲಸಮಾಡದಿರಬಹುದು. ಬ್ರೇಕು ಮತ್ತು ಏರ್‌ಬ್ಯಾಗುಗಳ ಪೆಟ್ಟಿಗೆಗಳಂತೂ ಬೇರೆಯ ಮಾತು. ಅಲ್ಲಿ ಪ್ರಾಣದ ಪ್ರಶ್ನೆಯಿರುವುದರಿಂದ ಅರೆತಿಳಿವಿನ ಕೈ ಆಡಬಾರದು. ನನ್ನ ವಿದ್ಯಾರ್ಥಿ ಅಂಥವನ್ನು ಮುಟ್ಟುವುದಿಲ್ಲ. ಮುಟ್ಟುವುದಿಲ್ಲವೆಂದು ಹೇಳುವುದಕ್ಕೆ ನಾಚುವುದೂ ಇಲ್ಲ.

ಈ ವಿಷಯದಲ್ಲಿ ಕಾನೂನಿನ ಒಂದು ಮುಖವೂ ಉಂಟು. ಬಿಡಿಭಾಗಗಳನ್ನೂ ಪರೀಕ್ಷೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಕ್ಕದಂತೆ ಮಾಡಿದ್ದಾರೆಂಬ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗಳಿಗೂ ಮೀರಿದ ದಂಡ ವಿಧಿಸಿತು. ಆ ಆಜ್ಞೆಯನ್ನು ಕಂಪೆನಿಗಳು ಮೇಲಿನ ಪೀಠಗಳಲ್ಲಿ ಪ್ರಶ್ನಿಸಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಕಾರು ರಿಪೇರಿಯ ಹಕ್ಕಿನ ಪರವಾಗಿ ಮತ ಹಾಕಿದರು. 2022ರಲ್ಲಿ ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ರಿಪೇರಿಯ ಹಕ್ಕಿಗಾಗಿ ಒಂದು ಸಮಿತಿಯನ್ನು ರಚಿಸಿತು. ಅದು ಗಮನಿಸಬೇಕಾದ ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು. ಕಂಪೆನಿಗಳ ಮಾತಿನಲ್ಲಿಯೂ ಒಂದು ಸತ್ಯವಿದೆ. ಕೀಲಿಯ ಗುಟ್ಟು ಎಲ್ಲರಿಗೂ ತಿಳಿದರೆ ಕಳ್ಳನಿಗೂ ತಿಳಿಯುತ್ತದೆ. ಆದರೆ ಕಳ್ಳನ ಹೆದರಿಕೆಯಿಂದ ವೈದ್ಯನಿಗೂ ಬಾಗಿಲು ಹಾಕಿದರೆ ಮನೆಯವರ ಗತಿಯೇನು? ಊರಿನಲ್ಲಿ ಒಬ್ಬನಾದರೂ ಈ ಪೆಟ್ಟಿಗೆಯನ್ನು ತೆರೆದು ನೋಡಬಲ್ಲವನಿದ್ದರೆ, ಉಳಿದವರೆಲ್ಲರೂ 'ಹಾಕಿ ನೋಡೋಣ' ಎನ್ನುವ ಮೊದಲು ಎರಡು ಸಲ ಯೋಚಿಸುತ್ತಾರೆ. ತಿಳಿದವನೊಬ್ಬನು ಊರಿನಲ್ಲಿರುವುದೇ ತಿಳಿಯದವರಿಗೆ ಒಂದು ರಕ್ಷಣೆ.

ನಾವೆಲ್ಲ ಮೀಟರು ಹಿಡಿದು ನಿಲ್ಲಬೇಕಾಗಿಲ್ಲ. ಪ್ರಶ್ನೆ ಕೇಳುವುದನ್ನು ಕಲಿತರೆ ಸಾಕು. ಪೆಟ್ಟಿಗೆ ಹೋಗಿದೆಯೆಂದು ಯಾರಾದರೂ ಹೇಳಿದರೆ ವಿನಯದಿಂದಲೇ ಕೇಳೋಣ: ಪೆಟ್ಟಿಗೆಗೆ ಬರುವ ವಿದ್ಯುತ್ತನ್ನೂ ಅರ್ತನ್ನೂ ಪರೀಕ್ಷಿಸಿದಿರಾ? ಅಳೆದದ್ದು ದೋಷ ಕಾಣಿಸಿಕೊಂಡ ಹೊತ್ತಿನಲ್ಲಿಯೋ, ಕಾರು ಚೆನ್ನಾಗಿದ್ದಾಗಲೋ? ಹೊಸದನ್ನು ಹಾಕಿದ ಮೇಲೂ ದೋಷ ಉಳಿದರೆ ಹಣದ ಹೊಣೆ ಯಾರದು? ಹಳೆಯ ಪೆಟ್ಟಿಗೆಯನ್ನು ನಮಗೆ ಹಿಂದಿರುಗಿಸುವಿರಾ? ಕೆಲಸ ಬಲ್ಲವನು ಈ ಪ್ರಶ್ನೆಗಳಿಂದ ಸಂತೋಷಪಡುತ್ತಾನೆ.

ರೋಗದ ಕಾರಣವನ್ನು ಹುಡುಕುವುದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನ ಎಂದು ಹೆಸರು, ಅಲ್ಪಪ್ರಾಣದ ದಕಾರ. ಅವಸರವಿಲ್ಲದ ನಡೆಗೆ ಕನ್ನಡದಲ್ಲಿ ನಿಧಾನ ಎನ್ನುತ್ತೇವೆ, ಮಹಾಪ್ರಾಣದ ಧಕಾರ. ಬರವಣಿಗೆಯಲ್ಲಿ ಇವೆರಡೂ ಬೇರೆಬೇರೆ ಶಬ್ದಗಳು. ರೇಡಿಯೋದಲ್ಲಿ ಕೇಳುವ ನಿಮಗೆ ಅಷ್ಟಾಗಿ ವ್ಯತ್ಯಾಸ ತಿಳಿದಿರಲಾರದು. ಕೆಲಸದಲ್ಲಿಯಂತೂ ಅವು ಜೊತೆಯಾಗಿಯೇ ಇರಬೇಕು. ನಿಧಾನವಿಲ್ಲದೆ ನಿದಾನವಿಲ್ಲ.